ಬೆಂಗಳೂರು ದಂಡು ಪ್ರದೇಶದ ಮನೆಯಡುಗೆಯಲ್ಲಿ ಬ್ರೆಡ್ ಪುಡಿಯ ಕರಿದ ಮೀನು: ಒಂದು ಚಾರಿತ್ರಿಕ ಅವಲೋಕನ

ಪ್ರಾಸ್ತಾವಿಕ

ಕರ್ನಾಟಕದ ಆಹಾರ ಚರಿತ್ರೆಯನ್ನು ಕುರಿತು ಬರೆಯುವವರಿಗೆ ಸಾಹಿತ್ಯಿಕ ಆಕರಗಳ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’, ಕಲ್ಯಾಣ ಚಾಳುಕ್ಯರ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’, ಹದಿನಾರನೆಯ ಶತಮಾನದ ಆರಂಭಕ್ಕೆ ಸೇರಿದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇವು ಈ ದಿಸೆಯಲ್ಲಿ ಮುಖ್ಯವಾದವು. ಇವುಗಳಲ್ಲಿ ‘ಮಾನಸೋಲ್ಲಾಸ’ವು ಅರಮನೆಯ ಅನ್ನಭೋಗವನ್ನು ವರ್ಣಿಸುವಾಗ ಮೀನಿನ ಅಡುಗೆಗೂ ಸ್ಥಾನ ನೀಡಿದೆ. ಜೈನ ಕವಿಯಾದ ಮಂಗರಸನ ಕೃತಿಯಾದರೋ ಸಸ್ಯಾಹಾರಕ್ಕೆ ಸೀಮಿತವಾದುದು. ಹೀಗಾಗಿ ಕನ್ನಡದ ಪಾಕಶಾಸ್ತ್ರ ಪರಂಪರೆಯನ್ನು ಮಾತ್ರ ಆಧರಿಸಿ ಹೊರಟವರಿಗೆ ನಾಡಿನ ಮೀನಡುಗೆಯ ಚರಿತ್ರೆ ಬಹುಮಟ್ಟಿಗೆ ಕಾಣದೆಯೇ ಉಳಿಯುತ್ತದೆ. ಆಧುನಿಕ ಕಾಲದ ನಗರದ ಮೀನಡುಗೆಯಂತೂ ಶಾಸ್ತ್ರಗ್ರಂಥಗಳ ವ್ಯಾಪ್ತಿಗೆ ಸಂಪೂರ್ಣವಾಗಿ ಹೊರಗಿನದು.

ಬೆಂಗಳೂರು ದಂಡು ಪ್ರದೇಶದ ಮನೆಗಳಲ್ಲಿ, ವಿಶೇಷವಾಗಿ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ, ‘ಕ್ರಂಬ್ ಫ್ರೈ’ ಎಂಬ ಹೆಸರಿನಿಂದ ಬಳಕೆಯಲ್ಲಿರುವ ಖಾದ್ಯವೊಂದನ್ನು ಪ್ರಸ್ತುತ ಪ್ರಬಂಧವು ಅಧ್ಯಯನಕ್ಕೆ ಎತ್ತಿಕೊಂಡಿದೆ. ಮುಳ್ಳು ತೆಗೆದ ಮೀನಿನ ತುಂಡನ್ನು ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಗಳಲ್ಲಿ ಕ್ರಮವಾಗಿ ಹೊರಳಿಸಿ ಗರಿಗರಿಯಾಗಿ ಕರಿಯುವುದು ಇದರ ವಿಧಾನ. ಇದನ್ನು ಬ್ರಿಟಿಷರು ತಂದು ಬಿಟ್ಟುಹೋದ ವಸ್ತುವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ರೈಲು, ಬೇಕರಿ, ಪುರಸಭೆಯ ಮಾರುಕಟ್ಟೆ ಎಂಬ ಮೂರು ವ್ಯವಸ್ಥೆಗಳು ಹಾಗೂ ಹೆಸರು ದಾಖಲಾಗದ ಅಡುಗೆಯವರ ಕೈಕೆಲಸ ಇವು ಕೂಡಿದಾಗ ಮಾತ್ರ ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಈ ಖಾದ್ಯ ಮನೆಯ ಅಡುಗೆಯಾಗಲು ಸಾಧ್ಯವಾಯಿತು ಎಂಬುದನ್ನು ಇಲ್ಲಿ ನಿರೂಪಿಸಲು ಪ್ರಯತ್ನಿಸಲಾಗಿದೆ.

ದಂಡು ಮತ್ತು ಪೇಟೆ

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಬ್ರಿಟಿಷ್ ಸೇನೆ ಮೊದಲು ಶ್ರೀರಂಗಪಟ್ಟಣದಲ್ಲಿ ನೆಲೆಯೂರಿತು. ಅಲ್ಲಿನ ಹವೆ ಸೈನಿಕರಿಗೆ ಒಗ್ಗದ ಕಾರಣ 1809ರಲ್ಲಿ ಹಲಸೂರಿನ ಪಶ್ಚಿಮಕ್ಕೆ ಹೊಸ ದಂಡು ಪ್ರದೇಶವು ಸ್ಥಾಪನೆಗೊಂಡಿತು. ಕೆಂಪೇಗೌಡರ ಪೇಟೆಗೂ ಈ ದಂಡಿಗೂ ನಡುವೆ ಇದ್ದ ಬಯಲು ಕೇವಲ ಭೌಗೋಳಿಕ ಅಂತರವಾಗಿರಲಿಲ್ಲ. ಆಡಳಿತ, ಭಾಷೆ, ಉಡುಪು, ಊಟ ಎಲ್ಲದರಲ್ಲಿಯೂ ಎರಡು ಊರುಗಳು ಬೇರೆಬೇರೆಯಾಗಿ ಬೆಳೆದವು. 1862ರಲ್ಲಿ ಎರಡಕ್ಕೂ ಪ್ರತ್ಯೇಕ ಪುರಸಭೆಗಳು ಏರ್ಪಟ್ಟವು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಹಿಂದಿರುಗಿದಾಗಲೂ ದಂಡು ಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ಅದು ಮೈಸೂರಿಗೆ ಮರಳಿ ಸೇರಿದ್ದು 1947ರಲ್ಲಿ. ಎರಡು ಪುರಸಭೆಗಳು ಒಂದಾಗಿ ನಗರಪಾಲಿಕೆ ರಚನೆಯಾದುದು 1949ರಲ್ಲಿ.

ಸೇನೆಯ ಹಿಂದೆಯೇ ಅದಕ್ಕೆ ಬೇಕಾದ ಜನರೂ ಬಂದರು. ಮದ್ರಾಸ್ ಪ್ರಾಂತ್ಯದ ತಮಿಳರು ಮತ್ತು ತೆಲುಗರು, ದಖನಿ ಉರ್ದು ಆಡುವ ಮುಸಲ್ಮಾನರು, ಯುರೋಪಿಯನ್ ಹಾಗೂ ಭಾರತೀಯ ಮಿಶ್ರ ಮೂಲದ ಕುಟುಂಬಗಳು, ಹಲಸೂರಿನ ಹಳೆಯ ಕನ್ನಡಿಗ ನಿವಾಸಿಗಳು ಒಂದೇ ಸಂತೆಯಲ್ಲಿ ವ್ಯವಹರಿಸಿದರು. ಇಂದು ಶಿವಾಜಿನಗರವೆಂದು ಕರೆಯಲ್ಪಡುವ ಬ್ಲ್ಯಾಕ್‌ಪಲ್ಲಿಯ ಪರಿಸರ ಈ ವ್ಯವಹಾರದ ಕೇಂದ್ರವಾಗಿತ್ತು. ಪೂರ್ವಕ್ಕೆ, ಕೃಷ್ಣರಾಜಪುರದ ಆಚೆ, ಡಿ.ಎಸ್. ವೈಟ್ ಅವರ ಮುಂದಾಳುತನದಲ್ಲಿ 1882ರಲ್ಲಿ ವೈಟ್‌ಫೀಲ್ಡ್ ವಸಾಹತು ಮೈದಳೆಯಿತು. ಇದಕ್ಕೆ ಮಹಾರಾಜ ಚಾಮರಾಜೇಂದ್ರ ಒಡೆಯರು ಭೂಮಿಯನ್ನು ನೀಡಿದರು.

ಇಲ್ಲಿ ಪಾರಿಭಾಷಿಕ ಸ್ಪಷ್ಟನೆಯೊಂದು ಅಗತ್ಯ. ಹತ್ತೊಂಬತ್ತನೆಯ ಶತಮಾನದ ಗ್ರಂಥಗಳಲ್ಲಿ ‘ಆಂಗ್ಲೋ-ಇಂಡಿಯನ್’ ಎಂಬ ಪದವು ಭಾರತದಲ್ಲಿ ನೆಲೆಸಿದ್ದ ಬ್ರಿಟಿಷರನ್ನು ಸೂಚಿಸುತ್ತಿತ್ತು. ಮಿಶ್ರ ಮೂಲದ ಸಮುದಾಯಕ್ಕೆ ಅದು ಅಧಿಕೃತವಾಗಿ ಅನ್ವಯವಾದದ್ದು 1911ರಲ್ಲಿ. ಆ ಕಾಲದ ಪಾಕಗ್ರಂಥಗಳನ್ನು ಓದುವಾಗ ಈ ಭೇದವನ್ನು ಮರೆತರೆ ಅಧಿಕಾರಿಯ ಬಂಗಲೆಯ ಊಟವನ್ನೂ ರೈಲ್ವೆ ನೌಕರನ ಮನೆಯ ಊಟವನ್ನೂ ಒಂದೇ ಎಂದು ಭಾವಿಸುವ ಪ್ರಮಾದ ಸಂಭವಿಸುತ್ತದೆ.

ಮೀನು ಬಂದ ದಾರಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪೂರ್ವ ಹಾಗೂ ಪಶ್ಚಿಮ ಕರಾವಳಿಗಳ ಪ್ರಮುಖ ಬಂದರುಗಳಾದ ಚೆನ್ನೈ ಮತ್ತು ಮಂಗಳೂರುಗಳಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿದೆ. ರೈಲು ಬರುವ ಮುನ್ನ ಇಲ್ಲಿ ದೊರೆಯುತ್ತಿದ್ದ ತಾಜಾ ಮೀನೆಂದರೆ ಕೆರೆಯ ಮೀನು. ಹಲಸೂರು, ಬೆಳ್ಳಂದೂರು, ವರ್ತೂರು ಮುಂತಾದ ಕೆರೆಗಳ ಸರಪಣಿಯೇ ಊರಿನ ಪೂರ್ವಭಾಗದಲ್ಲಿತ್ತು. ಗೆಂಡೆ, ಕೊರವ, ಬಾಳೆಮೀನು ಮುಂತಾದವು ಕೆರೆಯಂಚಿನ ಜನರ ಸಾರಿಗೆ ಸಲ್ಲುತ್ತಿದ್ದವು. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1873ರಲ್ಲಿ ಭಾರತದ ಸಿಹಿನೀರಿನ ಮೀನುಗಳ ಕುರಿತ ವರದಿಯನ್ನೂ, 1875ರಿಂದ 1878ರ ಅವಧಿಯಲ್ಲಿ ‘ಭಾರತದ ಮೀನುಗಳು’ ಎಂಬ ಬೃಹತ್ ಗ್ರಂಥವನ್ನೂ ಪ್ರಕಟಿಸಿದನು. ದೇಶಭಾಷೆಗಳ ಮೀನಿನ ಹೆಸರುಗಳನ್ನು ದಾಖಲಿಸಿರುವ ಕಾರಣ ಅವನ ಬರಹವು ಭಾಷಾ ಸಂಶೋಧಕರಿಗೂ ಉಪಯುಕ್ತವಾಗಿದೆ.

ಕೆರೆಯ ಗೆಂಡೆಯಂತಹ ಮೀನು ಸಾರಿಗೆ ಉತ್ತಮ. ಆದರೆ ಅದರ ಮಾಂಸದೊಳಗೆ ಹರಡಿರುವ ಸಣ್ಣ ಮುಳ್ಳುಗಳ ಕಾರಣ ಬ್ರೆಡ್ ಪುಡಿಯ ಹೊದಿಕೆಗೆ ಅದು ಒಗ್ಗದು. ಹೊದಿಕೆಯ ಒಳಗೆ ಮುಳ್ಳು ಕಾಣಿಸುವುದಿಲ್ಲ. ಆದ್ದರಿಂದ ಈ ವಿಧಾನವು ದಪ್ಪ ಮಾಂಸದ, ಮುಳ್ಳು ಸುಲಭವಾಗಿ ಬಿಡಿಸಬಹುದಾದ ಮೀನನ್ನೇ ಬೇಡುತ್ತದೆ. ಅಂತಹ ಮೀನುಗಳಲ್ಲಿ ಹೆಚ್ಚಿನವು ಸಮುದ್ರದವು. ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗಿನ ರೈಲು ಮಾರ್ಗ 1864ರಲ್ಲಿ ತೆರೆದಾಗ ಮದ್ರಾಸಿನ ಕರಾವಳಿಯು ದಂಡಿಗೆ ಒಂದು ರಾತ್ರಿಯ ಪಯಣದಷ್ಟು ಹತ್ತಿರವಾಯಿತು. ಮದ್ರಾಸಿನಲ್ಲಿ ಮೊದಲು ಹಡಗಿನಲ್ಲಿ ಬರುತ್ತಿದ್ದ ಅಮೆರಿಕದ ಮಂಜುಗಡ್ಡೆಯ ಸ್ಥಾನವನ್ನು 1870ರ ದಶಕದಿಂದ ಯಂತ್ರದಲ್ಲಿ ತಯಾರಾದ ಮಂಜುಗಡ್ಡೆ ಆಕ್ರಮಿಸಿಕೊಂಡಿತು. ರೈಲು ಮತ್ತು ಮಂಜುಗಡ್ಡೆ ಜೊತೆಗೂಡದೆ ಪ್ರಸ್ಥಭೂಮಿಯ ಮೇಲಿನ ಅಡುಗೆಮನೆಗೆ ಸಮುದ್ರದ ಮೀನು ಕೆಡದೆ ತಲುಪುವುದು ಸಾಧ್ಯವಿರಲಿಲ್ಲ. ಮಂಗಳೂರಿನೊಂದಿಗೆ ಹಾಸನದ ಮೂಲಕ ರೈಲು ಸಂಪರ್ಕ ಏರ್ಪಟ್ಟದ್ದು 1979ರಲ್ಲಿ ಮಾತ್ರ ಎಂಬುದನ್ನು ಇದರೊಂದಿಗೆ ಹೋಲಿಸಬೇಕು. ರಾಜ್ಯದ ಸ್ವಂತ ಕರಾವಳಿಗಿಂತ 100 ವರ್ಷಗಳಿಗೂ ಮುಂಚೆ ಕೋರಮಂಡಲ ತೀರವು ಹಳಿಗಳ ಮೂಲಕ ದಂಡಿಗೆ ಜೋಡಣೆಯಾಗಿತ್ತು.

ಈ ಸಂಬಂಧವು ಭಾಷೆಯಲ್ಲಿಯೂ ಉಳಿದಿದೆ. ಕರಾವಳಿ ಕನ್ನಡಿಗರು ‘ಅಂಜಲ್’ ಎನ್ನುವ ಮೀನು ಶಿವಾಜಿನಗರದ ಅಂಗಡಿಯಲ್ಲಿ ತಮಿಳಿನ ‘ವಂಜರಂ’ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ‘ಸೀರ್’ ಎನ್ನುತ್ತಾರೆ. ಈ ಹೆಸರನ್ನೂ ‘ಪಾಂಫ್ರೆಟ್’ ಎಂಬುದನ್ನೂ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಪೋರ್ಚುಗೀಸ್ ಮೂಲಕ್ಕೆ ಒಯ್ಯುತ್ತದೆ.

ಮಾರಾಟದ ಸ್ಥಳಕ್ಕೂ ತನ್ನದೇ ಚರಿತ್ರೆಯಿದೆ. 1898ರ ಪ್ಲೇಗಿನ ನಂತರ ದಂಡಿನ ಆಡಳಿತದಲ್ಲಿ ನೈರ್ಮಲ್ಯದ ವಿಚಾರ ಪ್ರಾಧಾನ್ಯ ಪಡೆಯಿತು. ಫ್ರೇಜರ್ ಟೌನಿನಂತಹ ಯೋಜಿತ ಬಡಾವಣೆಗಳು ಇದರ ಫಲ. ತರಕಾರಿ, ಮಾಂಸ, ಮೀನುಗಳನ್ನು ಒಂದೇ ಸೂರಿನಡಿ ಪ್ರತ್ಯೇಕ ವಿಭಾಗಗಳಲ್ಲಿ ಮಾರುವ ವ್ಯವಸ್ಥೆಯಾಗಿ ರಸೆಲ್ ಮಾರುಕಟ್ಟೆ 1927ರಲ್ಲಿ ನಿರ್ಮಾಣಗೊಂಡು 1933ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಪುರಸಭೆಯ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರನ್ನು ಹೊತ್ತ ಈ ಕಟ್ಟಡವು 2012ರ ಫೆಬ್ರವರಿಯ ಬೆಂಕಿ ಅನಾಹುತದಲ್ಲಿ ತೀವ್ರ ಹಾನಿಗೊಳಗಾದರೂ ಅಲ್ಲಿನ ವ್ಯಾಪಾರ ನಿಲ್ಲಲಿಲ್ಲ.

ಮೀನಿಗೆ ನಿಶ್ಚಿತ ಬೇಡಿಕೆ ಒದಗಿಸಿದ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಕ್ಯಾಥೋಲಿಕರು ಶುಕ್ರವಾರಗಳಂದು ಮಾಂಸವನ್ನು ವರ್ಜಿಸುತ್ತಿದ್ದರು. ಮೀನಿಗೆ ಈ ನಿಷೇಧವಿರಲಿಲ್ಲ. 1966ರಲ್ಲಿ ಪೋಪ್ ಆರನೆಯ ಪಾಲ್ ಅವರು ಈ ನಿಯಮವನ್ನು ಸಡಿಲಿಸುವವರೆಗೂ ದಂಡಿನ ಕ್ಯಾಥೋಲಿಕ್ ಮನೆಗಳಲ್ಲಿ ಶುಕ್ರವಾರ ಮೀನಿನ ದಿನವಾಗಿತ್ತು.

ಬ್ರೆಡ್ಡಿನ ದಾರಿ

ಬ್ರಿಟಿಷ್ ಸೈನಿಕನ ದಿನದ ಪಡಿತರದಲ್ಲಿ ಒಂದು ಪೌಂಡ್ ಬ್ರೆಡ್ ಸೇರಿತ್ತು. ಆದ್ದರಿಂದ ದಂಡು ಇದ್ದಲ್ಲಿ ಬ್ರೆಡ್ ಸುಡುವ ಒಲೆಯೂ ಇರಲೇಬೇಕಿತ್ತು. ದಖನಿಯಲ್ಲಿ ‘ಡಬಲ್ ರೊಟ್ಟಿ’ ಎನಿಸಿಕೊಂಡ ಇದು ಸೈನ್ಯದಿಂದ ಬಂಗಲೆಗೂ ಬಂಗಲೆಯಿಂದ ಸಾಮಾನ್ಯರ ಮನೆಗಳಿಗೂ ಹರಡಿತು. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಇಂದಿಗೂ ಇರುವ ಆಲ್ಬರ್ಟ್ ಬೇಕರಿ ತನ್ನ ಆರಂಭವನ್ನು 1902ಕ್ಕೆ ಗುರುತಿಸುತ್ತದೆ. ಪೇಟೆಯ ಭಾಗದಲ್ಲಿ ಅಯ್ಯಂಗಾರ್ ಬೇಕರಿಗಳ ಪರಂಪರೆಯನ್ನು 1898ರ ಬಿ.ಬಿ. ಬೇಕರಿಯಿಂದ ಎಣಿಸುವುದುಂಟು.

ಒಂದು ದಿನ ಕಳೆದ ಬ್ರೆಡ್ ಗಟ್ಟಿಯಾಗುತ್ತದೆ. ಊಟದ ಮೇಜಿಗೆ ಅನರ್ಹವಾದ ಈ ಬ್ರೆಡ್ಡನ್ನು ಎಸೆಯದೆ ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ಡಬ್ಬಿಯಲ್ಲಿ ಕಾಪಿಡುವುದು ಮನೆಯ ಮಿತವ್ಯಯದ ಅಂಗವಾಗಿತ್ತು. ಇಂದು ಇದನ್ನು ವಿಶೇಷ ದಿನದ ತಿನಿಸೆಂದು ಭಾವಿಸಿದರೂ ಅದರ ಹೊದಿಕೆ ಉಳಿಕೆಯಿಂದ ಹುಟ್ಟಿದುದು. ಬ್ರೆಡ್ ಸಾಲದ ಮನೆಗಳಲ್ಲಿ ರಸ್ಕಿನ ಪುಡಿ ಅದರ ಸ್ಥಾನ ಪಡೆಯಿತು. ಮೊಟ್ಟೆಯನ್ನೂ ಮುಟ್ಟದ ಸಂಪ್ರದಾಯದ ಅಯ್ಯಂಗಾರ್ ಬೇಕರಿಯ ರಸ್ಕು ಮೀನಿನ ಹೊದಿಕೆಯಾಗುವುದು ದಂಡು ಮತ್ತು ಪೇಟೆಗಳ ಸಂಬಂಧಕ್ಕೆ ಒಂದು ಉದಾಹರಣೆ.

ಇಲ್ಲಿ ಬ್ರೆಡ್ಡಿನ ವಿಶಾಲ ಚರಿತ್ರೆಯನ್ನೂ ನೆನೆಯಬಹುದು. ಪೋರ್ಚುಗೀಸರ ‘ಪಾವ್’ ಎಂಬ ಪದವು ಪಶ್ಚಿಮ ಕರಾವಳಿಯಲ್ಲಿ ಹಾಗೆಯೇ ಉಳಿಯಿತು. ಅದೇ ಪದವು ಜಪಾನಿಗೆ ಹೋಗಿ ‘ಪಾನ್’ ಆಗಿ, ಅಲ್ಲಿನ ಬ್ರೆಡ್ ಪುಡಿಗೆ ‘ಪಾಂಕೊ’ ಎಂಬ ಹೆಸರನ್ನು ನೀಡಿತು. ಇಂದು ಇಂದಿರಾನಗರದ ಅಂಗಡಿಗಳಲ್ಲಿ ದೊರೆಯುವ ಪಾಂಕೊ ಪೊಟ್ಟಣವೂ ಗೋವೆಯ ಪಾವ್ ಕೂಡ ಒಂದೇ ಶಬ್ದದ ಎರಡು ಕವಲುಗಳು.

ಪಾಕವಿಧಾನ ಮತ್ತು ಅದರ ತರ್ಕ

ಇಂಗ್ಲೆಂಡಿನಲ್ಲಿ 1861ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ಇಸಬೆಲ್ಲಾ ಬೀಟನ್ನಳ ಗೃಹಕೃತ್ಯ ಗ್ರಂಥವು ‘ಸೋಲ್’ ಎಂಬ ಮೀನನ್ನು ಮೊಟ್ಟೆ ಮತ್ತು ಬ್ರೆಡ್ ಪುಡಿಗಳಲ್ಲಿ ಹೊರಳಿಸಿ ಕಾದ ಕೊಬ್ಬಿನಲ್ಲಿ ಕರಿಯುವುದನ್ನು ಹೇಳುತ್ತದೆ. ದಂಡಿನ ಮನೆಯ ವಿಧಾನದ ಚೌಕಟ್ಟು ಇದೇ. ವ್ಯತ್ಯಾಸವಿರುವುದು ಒಳಭಾಗದಲ್ಲಿ. ಇಲ್ಲಿ ಮೀನನ್ನು ಮೊದಲು ಉಪ್ಪು, ನಿಂಬೆರಸ ಅಥವಾ ವಿನೆಗರ್, ಮೆಣಸಿನಪುಡಿ, ಅರೆದ ಶುಂಠಿ-ಬೆಳ್ಳುಳ್ಳಿ, ಕೆಲವು ಮನೆಗಳಲ್ಲಿ ಹಸಿಮೆಣಸಿನಕಾಯಿ ಇವುಗಳಲ್ಲಿ 15ರಿಂದ 20 ನಿಮಿಷ ನೆನೆಯಿಡುತ್ತಾರೆ. ಅನಂತರ ತೇವವನ್ನು ಒರೆಸಿ, ಮೈದಾದಲ್ಲಿ ಹೊರಳಿಸಿ, ಕಲಕಿದ ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯನ್ನು ಅಂಗೈಯಿಂದ ಮೆಲ್ಲನೆ ಒತ್ತುತ್ತಾರೆ. ಹೀಗೆ ಸಿದ್ಧವಾದ ತುಂಡುಗಳನ್ನು ಅರ್ಧ ಗಂಟೆ ತಂಪಾದ ಸ್ಥಳದಲ್ಲಿರಿಸಿ ಬಳಿಕ ಎಣ್ಣೆಗೆ ಬಿಡುತ್ತಾರೆ.

ಪ್ರತಿಯೊಂದು ಹಂತಕ್ಕೂ ಕಾರಣವಿದೆ. ತೇವವಿರುವ ಮೀನಿಗೆ ಮೊಟ್ಟೆ ಅಂಟುವುದಿಲ್ಲ. ಮೈದಾ ಆ ತೇವವನ್ನು ಹೀರಿ ಮೊಟ್ಟೆಗೆ ಹಿಡಿತ ಕೊಡುತ್ತದೆ. ಮೊಟ್ಟೆ ಬಿಸಿಗೆ ಗಟ್ಟಿಯಾಗಿ ಪುಡಿಯನ್ನು ಮೀನಿಗೆ ಬಂಧಿಸುತ್ತದೆ. ಒಣಬ್ರೆಡ್ಡಿನ ಸಣ್ಣ ರಂಧ್ರಗಳಲ್ಲಿರುವ ಅಲ್ಪ ನೀರಿನಂಶ ಆವಿಯಾಗಿ ಹೋದಂತೆ ಹೊದಿಕೆ ಗರಿಗರಿಯಾಗುತ್ತದೆ; ಒಳಗಿನ ಮೀನು ತನ್ನದೇ ಹಬೆಯಲ್ಲಿ ಬೇಯುತ್ತದೆ. ಎಣ್ಣೆಯ ಶಾಖ ಸುಮಾರು 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣಮಾಪಕವಿಲ್ಲದ ಅಡುಗೆಮನೆಯಲ್ಲಿ ಚಿಟಿಕೆ ಬ್ರೆಡ್ ಪುಡಿಯನ್ನು ಎಣ್ಣೆಗೆ ಹಾಕಿ, ಅದು ಸುಟ್ಟು ಕಪ್ಪಾಗದೆ ಕೂಡಲೇ ನೊರೆಯೆದ್ದು ತೇಲುವುದನ್ನು ನೋಡಿ ತಿಳಿಯುತ್ತಾರೆ. ಒಂದೇ ಬಾರಿಗೆ ಹೆಚ್ಚು ತುಂಡುಗಳನ್ನು ಬಿಟ್ಟರೆ ಎಣ್ಣೆ ತಣಿದು ಹೊದಿಕೆ ಜಿಡ್ಡನ್ನು ಕುಡಿಯುತ್ತದೆ. ತೆಗೆದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಬೆ ಸಿಕ್ಕಿಕೊಂಡು ಅವು ಮೆತ್ತಗಾಗುತ್ತವೆ. ಆದ್ದರಿಂದಲೇ ಅವನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡುವ ಪದ್ಧತಿ.

ಇದನ್ನು ಕರಾವಳಿಯ ‘ರವೆ ಫ್ರೈ’ಯೊಂದಿಗೆ ಹೋಲಿಸುವುದು ಉಪಯುಕ್ತ. ಮಂಗಳೂರು ಭಾಗದ ಮನೆಗಳಲ್ಲಿ ಕಾಣೆ, ಅಂಜಲ್ ಮುಂತಾದ ಮೀನುಗಳಿಗೆ ಒಣಮೆಣಸಿನ ಮಸಾಲೆಯನ್ನು ಬಳಿದು, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಕಾಯಿಸುತ್ತಾರೆ. ಅಲ್ಲಿ ಹಸಿ ಮಸಾಲೆಯೇ ಅಂಟಿನ ಕೆಲಸ ಮಾಡುವುದರಿಂದ ಮೊಟ್ಟೆ ಬೇಕಿಲ್ಲ. ಬ್ರೆಡ್ ಪುಡಿಯ ವಿಧಾನದಲ್ಲಿ ಅಂಟಿನ ಕೆಲಸವನ್ನು ಮೊಟ್ಟೆ ವಹಿಸಿಕೊಂಡ ಕಾರಣ ಮಸಾಲೆ ಒಳಗೆ ಸರಿದು ಹೊರಗೆ ಕಾಣದಂತಾಗುತ್ತದೆ. ನೋಟಕ್ಕೆ ಇಂಗ್ಲಿಷ್ ಊಟದಂತಿದ್ದು ರುಚಿಯಲ್ಲಿ ಈ ನೆಲಕ್ಕೆ ಸೇರಿದ ತಿನಿಸೊಂದು ಹೀಗೆ ರೂಪುಗೊಂಡಿತು. ಶಿವಾಜಿನಗರದ ಬೀದಿಬದಿಯಲ್ಲಿ ಮಾರುವ ಮಸಾಲೆ ಮೀನು ಇವೆರಡಕ್ಕಿಂತ ಭಿನ್ನವಾದುದು. ಬ್ರೆಡ್ ಪುಡಿಯ ಮೀನಿಗೆ ಮೂರು ತಟ್ಟೆಗಳೂ ಬಿಡುವೂ ಬೇಕು. ಕರಿದ ಕೂಡಲೇ ತಿನ್ನದಿದ್ದರೆ ಅದು ಕೆಡುತ್ತದೆ. ಅದು ಬೀದಿಗಿಳಿಯದೆ ಮನೆ ಹಾಗೂ ಕ್ಲಬ್ಬುಗಳಲ್ಲಿಯೇ ಹೆಚ್ಚಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು.

ಅಡುಗೆಯವರ ಪ್ರಶ್ನೆ

ಈ ಖಾದ್ಯವನ್ನು ಮಾಡುತ್ತಿದ್ದವರು ಯಾರು? ದಕ್ಷಿಣ ಭಾರತದ ಬ್ರಿಟಿಷ್ ಮನೆಗಳ ಅಡುಗೆಯ ಕುರಿತ ಪ್ರಮುಖ ಗ್ರಂಥವೆಂದರೆ 1878ರಲ್ಲಿ ಮದ್ರಾಸಿನಲ್ಲಿ ಪ್ರಕಟವಾದ ‘ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’. ‘ವೈವರ್ನ್’ ಎಂಬ ಅಂಕಿತದಲ್ಲಿ ಇದನ್ನು ಬರೆದವನು ಸೇನಾಧಿಕಾರಿ ಆರ್ಥರ್ ಕೆನ್ನಿ-ಹರ್ಬರ್ಟ್. ಈ ಗ್ರಂಥದಲ್ಲಿ ಅಡುಗೆಯವನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಆದರೆ ಅವನಿಗಿರುವುದು ‘ರಾಮಸಾಮಿ’ ಎಂಬ ಸಾಮಾನ್ಯ ಹೆಸರು ಮಾತ್ರ. ಮದ್ರಾಸ್ ಪ್ರಾಂತ್ಯದ ಎಲ್ಲ ಅಡುಗೆಯವರಿಗೂ ಒಂದೇ ಹೆಸರು ಸಾಕೆಂದು ಲೇಖಕನು ಭಾವಿಸಿದ್ದನು. ಅವರ ಮಾತು ‘ಬಟ್ಲರ್ ಇಂಗ್ಲಿಷ್’ ಎಂಬ ಹೆಸರಿನಲ್ಲಿ ‘ಹಾಬ್ಸನ್-ಜಾಬ್ಸನ್’ ನಿಘಂಟನ್ನು ಸೇರಿತು; ಅವರ ವಿದ್ಯೆ ಯಾವ ಗ್ರಂಥವನ್ನೂ ಅವರದೇ ಹೆಸರಿನಲ್ಲಿ ಸೇರಲಿಲ್ಲ.

1896ರಲ್ಲಿ ನಾಲ್ಕನೆಯ ಹುಸಾರ್ಸ್ ದಳದೊಂದಿಗೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ 1930ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ದಂಡಿನ ಬಂಗಲೆಯ ಬದುಕನ್ನು ವರ್ಣಿಸಿದ್ದಾನೆ. ಹಣವನ್ನು ಬಟ್ಲರನ ಕೈಗೆ, ಕುದುರೆಗಳನ್ನು ಸಯೀಸನ ವಶಕ್ಕೆ ಒಪ್ಪಿಸಿದರೆ ಅಧಿಕಾರಿಗೆ ಮತ್ತಾವ ಚಿಂತೆಯೂ ಇರಲಿಲ್ಲ ಎಂಬುದು ಆ ವರ್ಣನೆಯ ಸಾರ. ವಿನೋದಕ್ಕಾಗಿ ಹೇಳಿದ ಮಾತಾದರೂ ಚರಿತ್ರಕಾರನಿಗೆ ಇದು ಮೌಲಿಕ ಸಾಕ್ಷ್ಯ. ಮೀನಿನ ಚೌಕಾಸಿ, ನಿನ್ನೆಯ ಬ್ರೆಡ್ಡಿನ ಲೆಕ್ಕ, ಎಣ್ಣೆಯ ಕಾವಿನ ಅಂದಾಜು ಎಲ್ಲವೂ ಮನೆಯೊಡೆಯನ ಅರಿವಿನ ಹೊರಗೆ, ಬಂಗಲೆಯಿಂದ ಪ್ರತ್ಯೇಕವಾಗಿದ್ದ ಬಾಬರ್ಚಿಖಾನೆಯಲ್ಲಿ ನಡೆಯುತ್ತಿದ್ದವು. ಪಾಕಗ್ರಂಥಗಳು ಆಜ್ಞೆಯನ್ನು ದಾಖಲಿಸಿದವು, ಕೆಲಸವನ್ನು ದಾಖಲಿಸಲಿಲ್ಲ. ಆಂಗ್ಲೋ-ಇಂಡಿಯನ್ ಸಮುದಾಯದ ಸಾಧಾರಣ ಮನೆಗಳಲ್ಲಿಯಾದರೋ ಈ ವಿದ್ಯೆ ತಾಯಿಯಿಂದ ಮಗಳಿಗೆ ಕೈಬರಹದ ಪುಸ್ತಕಗಳ ಮೂಲಕ ಸಾಗಿತು.

1947ರ ನಂತರ

ಸ್ವಾತಂತ್ರ್ಯಾನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಅನೇಕವು ಬ್ರಿಟನ್, ಆಸ್ಟ್ರೇಲಿಯಗಳಿಗೆ ವಲಸೆ ಹೋದವು. ಬಂಗಲೆಗಳು ಕರಗಿ ಬಹುಮಹಡಿ ಕಟ್ಟಡಗಳೆದ್ದವು. ಶಾಸನಸಭೆಗಳಲ್ಲಿ ಈ ಸಮುದಾಯಕ್ಕಿದ್ದ ನಾಮನಿರ್ದೇಶನದ ಅವಕಾಶವೂ ಸಂವಿಧಾನದ 104ನೆಯ ತಿದ್ದುಪಡಿಯ ಪರಿಣಾಮವಾಗಿ 2020ರಲ್ಲಿ ಕೊನೆಗೊಂಡಿತು. ಆದರೆ ಖಾದ್ಯವು ಸಮುದಾಯದೊಂದಿಗೆ ಕ್ಷೀಣಿಸಲಿಲ್ಲ. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐ.ಟಿ.ಐ. ಮುಂತಾದ ಉದ್ಯಮಗಳು ಊರಿನ ಪೂರ್ವಭಾಗಕ್ಕೆ ಹೊಸ ನಿವಾಸಿಗಳನ್ನು ತಂದವು. ಕೇರಳ, ದಕ್ಷಿಣ ಕನ್ನಡ, ಬಂಗಾಳಗಳ ಮೀನು ತಿನ್ನುವ ಕುಟುಂಬಗಳು ಅವರಲ್ಲಿದ್ದವು. ಬಂಗಾಳಿಗಳಿಗೆ ಕೊಲ್ಕತ್ತೆಯ ‘ಫಿಶ್ ಫ್ರೈ’ ಎಂಬ, ಇದೇ ಬಗೆಯ ಬ್ರೆಡ್ ಪುಡಿಯ ಖಾದ್ಯವು ಮೊದಲೇ ಪರಿಚಿತವಾಗಿತ್ತು. ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮವು ಪಶ್ಚಿಮ ಕರಾವಳಿಯ ಮೀನನ್ನು ರಾಜಧಾನಿಗೆ ತಲುಪಿಸಲು ಶ್ರಮಿಸಿತು. ಅಡುಗೆ ಅನಿಲ ಮತ್ತು ಶೀತಕ ಪೆಟ್ಟಿಗೆಗಳು ಬಂದ ಮೇಲೆ ಸೌದೆ ಒಲೆಯ ಮುಂದಿನ ಕಾವಿನ ಹೋರಾಟವೂ ಹೊದಿಕೆಯನ್ನು ತಣಿಸುವ ತೊಡಕೂ ನೀಗಿದವು. ಬಟ್ಲರನ ಕೆಲಸ ಮನೆಯವರ ಕೆಲಸವಾಯಿತು.

ಈ ಪರಂಪರೆಯನ್ನು ಬರಹಕ್ಕಿಳಿಸುವ ಪ್ರಯತ್ನಗಳೂ ನಡೆದಿವೆ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆಸಿದ ಬ್ರಿಜೆಟ್ ವೈಟ್-ಕುಮಾರ್ ಅವರ ಆಂಗ್ಲೋ-ಇಂಡಿಯನ್ ಪಾಕಗ್ರಂಥಗಳು ಈ ದಿಸೆಯಲ್ಲಿ ಉಲ್ಲೇಖನೀಯ.

ಉಪಸಂಹಾರ

ಬೆಂಗಳೂರಿನ ದಂಡು ಪ್ರದೇಶವನ್ನು ಕನ್ನಡ ನಾಡಿನ ಚರಿತ್ರೆಯ ಹೊರಗಿನ ತುಣುಕೆಂಬಂತೆ ಕಾಣುವ ಪ್ರವೃತ್ತಿ ನಮ್ಮಲ್ಲಿದೆ. ಸೇನಾ ದಾಖಲೆ ಹಾಗೂ ರೆಸಿಡೆನ್ಸಿಯ ಕಡತಗಳನ್ನು ಮಾತ್ರ ಆಧರಿಸಿದಾಗ ಹಾಗೆ ತೋರುವುದು ಸಹಜ. ಆದರೆ ಮನೆಯ ಅಡುಗೆಯ ಕಡೆಯಿಂದ ನೋಡಿದಾಗ ಬೇರೆ ಚಿತ್ರ ದೊರೆಯುತ್ತದೆ. ಮದ್ರಾಸಿನ ಮೀನು, ದಂಡಿನ ಬ್ರೆಡ್, ಪೇಟೆಯ ರಸ್ಕು, ಸ್ಥಳೀಯ ಶುಂಠಿ-ಮೆಣಸು, ಅನೇಕ ಭಾಷೆಗಳ ಅಡುಗೆಯವರ ಅನುಭವ ಇವು ಒಂದೇ ಬಾಣಲೆಯಲ್ಲಿ ಸೇರಿದ್ದವು. ಎರಡು ಪುರಸಭೆಗಳು 1949ರಲ್ಲಿ ಒಂದಾಗುವ ಮೊದಲೇ ಎರಡು ಊರುಗಳ ಸಂಪರ್ಕವನ್ನು ಬೆಳೆಸಿದವರಲ್ಲಿ ಈ ಅಡುಗೆಯವರೂ ಇದ್ದರು.

ಈ ಚರಿತ್ರೆಯ ಮುಖ್ಯ ಆಕರಗಳು ಇಂದು ಅಪಾಯದಲ್ಲಿವೆ. ಎಣ್ಣೆಯ ಕಲೆಗಳಿರುವ ಕೈಬರಹದ ಪಾಕಪುಸ್ತಕಗಳು, ಬೇಕರಿಗಳ ಲೆಕ್ಕದ ಖಾತೆಗಳು, ಮೀನು ವ್ಯಾಪಾರಿ ಕುಟುಂಬಗಳ ಹಿರಿಯರ ನೆನಪುಗಳು ಮನೆ ಬದಲಿಸುವಾಗ ರದ್ದಿಗೆ ಸೇರುವ ಅಥವಾ ಒಂದು ತಲೆಮಾರಿನೊಂದಿಗೆ ಕಣ್ಮರೆಯಾಗುವ ಸ್ಥಿತಿಯಲ್ಲಿವೆ. ಶಾಸನ ಹಾಗೂ ತಾಳೆಗರಿಗಳ ಸಂರಕ್ಷಣೆಗೆ ತೋರಿದ ಕಾಳಜಿಯನ್ನು ಗ್ರಂಥಾಲಯಗಳೂ ಸಂಶೋಧನ ಸಂಸ್ಥೆಗಳೂ ಇವುಗಳಿಗೂ ತೋರುವುದು ಅಗತ್ಯ. ಶಿವಾಜಿನಗರ, ಹಲಸೂರು, ಕೃಷ್ಣರಾಜಪುರಗಳ ಹಿರಿಯರಿಂದ ಅವರವರ ಭಾಷೆಯಲ್ಲಿಯೇ ಅಡುಗೆಯ ವೃತ್ತಾಂತಗಳನ್ನು ಸಂಗ್ರಹಿಸಿ, ಹೇಳಿದವರ ಹೆಸರನ್ನು ಅವರ ಒಪ್ಪಿಗೆಯೊಂದಿಗೆ ದಾಖಲಿಸಬೇಕು. ‘ರಾಮಸಾಮಿ’ ಎಂಬ ಒಂದೇ ಹೆಸರಿನ ಹಿಂದೆ ಮರೆಯಾದವರನ್ನು ಇನ್ನು ಗುರುತಿಸಲಾಗದಿದ್ದರೂ ಅವರ ವಿದ್ಯೆಯನ್ನು ಪಡೆದು ಮುಂದುವರಿಸಿದವರನ್ನಾದರೂ ಹೆಸರಿಟ್ಟು ಗುರುತಿಸುವ ಅವಕಾಶ ನಮಗೆ ಉಳಿದಿದೆ.